ಕಸಿ ಹತ್ತಿದ ಮೇಲೂ

ಆಷಾಢ ಮುಗಿಯುತ್ತ ಬಂತೆಂದರೆ ನಮ್ಮ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯ ಹೆಣ್ಣುಮಕ್ಕಳ ಕಿವಿ ಬಾಗಿಲ ಕಡೆಗೇ ಇರುತ್ತದೆ. ನಾಗರ ಪಂಚಮಿಗೆ ಕರೆಯಲು ಅಣ್ಣ ಬಂದನೋ, ತಮ್ಮ ಬಂದನೋ ಎಂದು. ಬಸ್ಸಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ತೊಡೆಯ ಮೇಲೆ ಕೂಸು, ಕಾಲ ಬಳಿ ಕೈಚೀಲ, ಮುಖದ ತುಂಬ ನಗು. ಗಂಡ ಅನ್ನುವವನು ನಾಲ್ಕು ದಿನ ತಾನೇ ರೊಟ್ಟಿ ಬಡಿದುಕೊಂಡರೂ ಸೈ, ಹೆಂಡತಿಯನ್ನು ಹೋಗಬೇಡ ಅನ್ನುವುದಿಲ್ಲ. ಅಂದರೆ ಓಣಿಯ ಹೆಂಗಸರು ಅವನನ್ನು ಸುಮ್ಮನೆ ಬಿಡುತ್ತಾರೆಯೇ?

ಆದರೆ ಲಚ್ಯಾಣದ ಸುನಂದಾ ಐದು ವರ್ಷದಿಂದ ಪಂಚಮಿಗೆ ತವರಿಗೆ ಹೋಗಿರಲಿಲ್ಲ.

ಅವಳ ತವರು ಇಂಗಳೇಶ್ವರ. ದೂರದ ಊರೇನಲ್ಲ. ಇಂಡಿ, ವಿಜಯಪುರ, ಬಾಗೇವಾಡಿ ಎಂದು ಬಸ್ಸು ಬದಲಿಸುತ್ತ ಹೋದರೆ ಮಧ್ಯಾಹ್ನದ ಊಟಕ್ಕೆ ಅವ್ವನ ಮುಂದೆ ಕೂತಿರಬಹುದು. ಮನೆಯ ಹಿತ್ತಲಲ್ಲಿ ಬೇವಿನ ಮರ. ಪಂಚಮಿಗೆ ಅದರ ಟೊಂಗೆಗೆ ಹಗ್ಗ ಬಿಗಿದು ಜೋಕಾಲಿ ಕಟ್ಟುತ್ತಿದ್ದರು. ಸುನಂದಾ ನಿಂತು ಜೀಕಿದರೆ ಕಾಲು ಹಿತ್ತಲ ಗೋಡೆಯಾಚೆ ಹೋಗುತ್ತಿತ್ತು. ಈಗ ಲಚ್ಯಾಣದಲ್ಲಿ ಶೇಂಗಾ ಹುರಿಯುವಾಗ, ಬಟ್ಟೆ ಒಣಹಾಕುವಾಗ, ಸುಮ್ಮನೆ ಒಂದು ಗಾಳಿ ಬೀಸಿದರೂ ಅವಳಿಗೆ ಅದೇ ನೆನಪು. ಐದು ವರ್ಷದ ಮಗಳು ಜಯಮಾಲಾ ಅಜ್ಜಿಯ ಮನೆಯನ್ನು ಫೋನಿನಲ್ಲಿ ಮಾತ್ರ ಕಂಡಿದ್ದಳು. ಅವ್ವನ ಮನೆಗೆ ಹೋಗಬೇಕು, ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಜೀಕಬೇಕು. ಸುನಂದಾಳಿಗೆ ಇದಕ್ಕಿಂತ ದೊಡ್ಡ ಹಂಬಲ ಬೇರೊಂದಿರಲಿಲ್ಲ. ಹೇಳಿಕೊಳ್ಳಲು ಮಾತ್ರ ನಾಚಿಕೆ. ಸಾವಿನ ಬಾಯಿಂದ ಪಾರಾಗಿ ಬಂದವಳು ಜೋಕಾಲಿಗೆ ಅಳುತ್ತಾಳೆ ಎಂದರೆ ಮಂದಿ ಏನಂದಾರು?

ಆಗಿದ್ದು ಇಷ್ಟು. ಜಯಮಾಲಾ ಹುಟ್ಟಿದ ಎರಡು ತಿಂಗಳಿಗೆ ಸುನಂದಾಳಿಗೆ ಉಸಿರು ಸಾಲದಾಯಿತು, ಕಾಲು ಬಾತವು. ಬಾಣಂತನದ ನಿಶ್ಶಕ್ತಿ ಎಂದು ಮನೆಯವರು ಅಂಟಿನುಂಡಿ ತಿನ್ನಿಸಿದರು. ವಿಜಯಪುರದಲ್ಲಿ ತೋರಿಸಿದಾಗ ಹೃದಯ ಹಿಗ್ಗಿ ಸೋತಿದೆ ಎಂದರು. ಕೆಲವು ಬಾಣಂತಿಯರಿಗೆ ಹೀಗಾಗುತ್ತದಂತೆ. ಬಹಳ ಮಂದಿಗೆ ಔಷಧದಿಂದಲೇ ಗುಣವಾಗುತ್ತದೆ, ಸುನಂದಾಳಿಗೆ ಆಗಲಿಲ್ಲ. ಎರಡು ವರ್ಷ ಹಾಸಿಗೆ ಹಿಡಿದಳು. ಕೊನೆಗೆ ಬೆಂಗಳೂರಿನ ದೊಡ್ಡ ಆಸ್ಪತ್ರೆಯೊಂದರಲ್ಲಿ ಅವಳಿಗೆ ಬೇರೊಬ್ಬರ ಹೃದಯವನ್ನು ಕಸಿ ಮಾಡಿದರು. ಯಾರದ್ದು ಎಂದು ಹೇಳಲಿಲ್ಲ, ಹೇಳುವ ಪದ್ಧತಿಯೂ ಇಲ್ಲ. ಎಲ್ಲೋ ಒಂದು ಮನೆಯವರು ತಮ್ಮ ಅಳುವಿನ ನಡುವೆಯೂ ಹೂಂ ಅಂದಿದ್ದರು. ಸುನಂದಾಳ ಅವ್ವ ಸುಮಿತ್ರಾಬಾಯಿ ಆ ದಿನ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು, "ನನ್ನ ಮಗಳು ಬದಕಿದ್ಲು ಅಂತ ನಗಲೋ, ಯಾವ ತಾಯಿ ಹೊಟ್ಟಿ ಉರದೈತೋ ಅಂತ ಅಳಲೋ" ಎಂದು ಎರಡನ್ನೂ ಮಾಡಿದಳು.

ಕಸಿ. ಈ ಮಾತಿನಿಂದಲೇ ಮುಂದೆ ಎಲ್ಲ ಎಡವಟ್ಟಾಯಿತು ನೋಡಿ.

ಸುನಂದಾಳ ಗಂಡ ಸಂಜೀವಕುಮಾರ ಲಿಂಬೆ ಸಸಿಗಳ ನರ್ಸರಿ ಇಟ್ಟವನು. ಕಸಿ ಕಟ್ಟುವುದರಲ್ಲಿ ಇಂಡಿ ತಾಲ್ಲೂಕಿನಲ್ಲೇ ಹೆಸರು ಮಾಡಿದ ಕೈ. ಜಂಬೇರಿ ಅನ್ನುವ ಗಟ್ಟಿ ಬೇರಿನ ಕಾಡುಜಾತಿಯ ಸಸಿಯ ತೊಗಟೆಯನ್ನು ಸೀಳಿ, ಒಳ್ಳೆಯ ಲಿಂಬೆಯ ಒಂದು ಮೊಗ್ಗನ್ನು, ಅವರು ಅದಕ್ಕೆ ಕಣ್ಣು ಅನ್ನುತ್ತಾರೆ, ಒಳಗೆ ಕೂರಿಸಿ, ಮೇಲೆ ಪ್ಲಾಸ್ಟಿಕ್ ಪಟ್ಟಿ ಬಿಗಿಯುತ್ತಾನೆ. ತಿಂಗಳೊಪ್ಪತ್ತಿಗೆ ಕಣ್ಣು ಹಸಿರಾಗಿ ಉಳಿದಿದ್ದರೆ ಕಸಿ ಹತ್ತಿತು ಎಂದರ್ಥ. ಆಗ ಪಟ್ಟಿ ಬಿಚ್ಚಲೇಬೇಕು. ಬಿಚ್ಚದಿದ್ದರೆ ಪಟ್ಟಿಯೇ ಕಾಂಡವನ್ನು ಕತ್ತರಿಸಿ ಸಸಿ ಸಾಯುತ್ತದೆ. ಹದಿಮೂರನೆಯ ವಯಸ್ಸಿನಿಂದ ಅವನು ಮಾಡಿಕೊಂಡು ಬಂದದ್ದು ಇದನ್ನೇ. ಹೀಗಿರುವಾಗ ಬೆಂಗಳೂರಿನ ಡಾಕ್ಟರು "ಹೃದಯದ ಕಸಿ ಚೆನ್ನಾಗಿ ಆಗಿದೆ" ಅಂದಾಗ ಅವನಿಗೆ ಹೊಸದಾಗಿ ತಿಳಿಯುವುದು ಏನೂ ಇದ್ದಂತೆ ಕಾಣಲಿಲ್ಲ.

ಬೆಳಿಗ್ಗೆ ಎಂಟಕ್ಕೆ, ರಾತ್ರಿ ಎಂಟಕ್ಕೆ ಗುಳಿಗೆ. ಮೂರು ವರ್ಷ ಒಂದೂ ತಪ್ಪಲಿಲ್ಲ. ಗುಳಿಗೆಯಿಂದ ಮುಖ ಉಬ್ಬಿತು, ಕೈಬೆರಳು ಸಣ್ಣಗೆ ನಡುಗತೊಡಗಿದವು. ಚಹಾದ ಬಸಿ ಹಿಡಿದರೆ ಅದು ಲಟಲಟ ಸದ್ದು ಮಾಡುತ್ತಿತ್ತು. ಸಂಜೀವಕುಮಾರ ಅವಳನ್ನು ಕಣ್ಣರೆಪ್ಪೆಯಲ್ಲಿಟ್ಟು ಕಾದ. ಬಸ್ಸು ಬೇಡ, ಸಂತೆ ಬೇಡ, ಮದುವೆ ಬೇಡ, ತವರು ಬೇಡ. ಪ್ರತಿ ಪಂಚಮಿಗೂ ಸುನಂದಾಳ ತಮ್ಮ ಶ್ರೀಶೈಲ ಉಂಡಿಯ ಡಬ್ಬಿ ಹಿಡಿದು ಕರೆಯಲು ಬಂದ, ಪ್ರತಿ ಸಲವೂ ಒಬ್ಬನೇ ತಿರುಗಿ ಹೋದ. ಅವನ ಬೈಕು ಓಣಿ ದಾಟುವ ತನಕ ಸುನಂದಾ ಬಾಗಿಲಲ್ಲೇ ನಿಂತಿರುತ್ತಿದ್ದಳು.

ಶಿವರಾತ್ರಿಯ ಮರುದಿನ ಸುಮಿತ್ರಾಬಾಯಿ ಫೋನು ಮಾಡಿದಳು. "ಈ ವರ್ಷಾದ್ರೂ ಪಂಚಮಿಗೆ ಬರ್ತೀಯೇನವ್ವ? ನನಗೂ ವಯಸ್ಸಾತು." ಸುನಂದಾ ಫೋನನ್ನು ಮಗಳ ಕೈಗೆ ಕೊಟ್ಟು ಒಳಗೆ ಹೋದಳು. ಸಂಜೀವಕುಮಾರ ಹಿಂದೆಯೇ ಬಂದ. ಹೆಂಡತಿ ಸೆರಗು ಬಾಯಿಗೊತ್ತಿ ಅಳುತ್ತಿದ್ದಳು.

"ಅಳಬ್ಯಾಡ. ನಾ ಒಂದ್ ವಿಚಾರ ಮಾಡೇನಿ," ಅಂದ. "ಗುಳಿಗಿ ತಗೊಂಡ್ರ ಮೈಯಾಗಿನ ರೋಗ ತಡ್ಯೋ ತಾಕತ್ತು ಕಡಿಮಿ ಆಗತೈತಿ ಅಂತ ಡಾಕ್ಟರ ಹೇಳ್ಯಾರ. ಹೌದಿಲ್ಲೊ?"

"ಹೌದ್ರಿ."

"ತಾಕತ್ತು ಇಲ್ಲಂತನ ನಿನಗ ಬಸ್ಸು ಬ್ಯಾಡ, ತವರು ಬ್ಯಾಡ. ಹೌದಿಲ್ಲೊ?"

"ಹೌದ್ರಿ."

"ಮತ್ತ ಕಸಿ ಹತ್ತಿ ಮೂರು ವರ್ಷ ಆತು. ಇನ್ನೂ ಪಟ್ಟಿ ಸುತ್ತಿ ಇಟ್ರ ಗಿಡ ಉಸರು ಕಟ್ಟತೈತಿ. ಹಗೂರಕ ಬಿಚ್ಚೂಣು. ಮದ್ಲ ರಾತ್ರಿ ಗುಳಿಗಿ ಬಿಡು. ಪಂಚಮಿ ಬರೂದ್ರಾಗ ಮೈಯಾಗ ತಾಕತ್ತು ಬರತೈತಿ. ನಾನ ಕರಕೊಂಡು ಹೋಗಿ ನಿಮ್ಮವ್ವನ ಮನ್ಯಾಗ ಬಿಟ್ಟು ಬರ್ತೇನಿ."

ಸುನಂದಾಳ ಅಳು ನಿಂತಿತು. "ಡಾಕ್ಟರ್ನ ಒಂದ್ ಮಾತು ಕೇಳೂಣ್ರಿ."

"ಕೇಳಿದ್ರ ಬ್ಯಾಡ ಅಂತಾರ. ಅವರೇನ್ ಗಿಡ ಕಟ್ಟ್ಯಾರೇನು?"

ಅವಳು ನಕ್ಕುಬಿಟ್ಟಳು. ನಂಬಬೇಕೆಂದು ಮನಸ್ಸು ಮೊದಲೇ ತೀರ್ಮಾನಿಸಿಬಿಟ್ಟಿದ್ದರೆ ನಂಬುವುದು ಎಷ್ಟು ಸುಲಭ! ಅಂದು ರಾತ್ರಿ ಎಂಟಕ್ಕೆ ಗುಳಿಗೆಯ ಡಬ್ಬಿ ತೆರೆಯಲಿಲ್ಲ.

ಮೊದಲ ವಾರ ಅವಳು ಹೆದರಿಕೆಯಿಂದ ಎದೆಯ ಮೇಲೆ ಕೈ ಇಟ್ಟುಕೊಂಡೇ ಮಲಗಿದಳು. ಏನೂ ಆಗಲಿಲ್ಲ. ಯುಗಾದಿ ಬಂತು. ಬೆಳಗಿನ ಗುಳಿಗೆಯನ್ನೂ ದಿನ ಬಿಟ್ಟು ದಿನ ಮಾಡಿದರು. ಆಗಲೂ ಏನೂ ಆಗಲಿಲ್ಲ. ಆಗಲಿಲ್ಲವೇನು, ಮೈ ಹಗುರಾಯಿತು! ಮುಖದ ಬಾವು ಇಳಿಯಿತು, ಕೈ ನಡುಕ ನಿಂತಿತು. ವರ್ಷಕ್ಕೊಮ್ಮೆಯ ತಪಾಸಣೆಗೆ ಬನ್ನಿ ಎಂದು ಆಸ್ಪತ್ರೆಯಿಂದ ಫೋನು ಬಂದರೆ ಸಂಜೀವಕುಮಾರ, "ಆರಾಮ ಅದಾಳ್ರಿ, ಮುಂದಿನ ತಿಂಗಳು ಬರ್ತೇವ್ರಿ" ಅಂದ. ಮುಂದಿನ ತಿಂಗಳೂ ಅದನ್ನೇ ಅಂದ. ಸುನಂದಾ ಅವ್ವನಿಗೆ ತಾನೇ ಫೋನು ಮಾಡಿ, "ಅವ್ವ, ಈ ಸಲ ಬರ್ತೇನಿ, ಜೋಕಾಲಿ ಗಟ್ಟಿ ಹಗ್ಗದಾಗ ಕಟ್ಟಸು" ಅಂದಳು. ಆ ಕಡೆಯಿಂದ ಮೂಗು ಒರೆಸಿಕೊಳ್ಳುವ ಸದ್ದು.

ಕಾರ ಹುಣ್ಣಿಮೆ ಹೋಯಿತು, ಆಷಾಢವೂ ಮುಗಿಯುತ್ತ ಬಂತು. ಪಂಚಮಿಗೆ ಹದಿನೆಂಟು ದಿನ ಉಳಿದಿತ್ತು.

ಲಚ್ಯಾಣದ ಮಹಿಳಾ ಸಂಘದವರು ಮಧ್ಯಾಹ್ನ ಗೌಸಬಿಯ ಮನೆಯ ಪಡಸಾಲೆಯಲ್ಲಿ ಕೂಡಿ ಹಳೆ ಸೀರೆಗಳಿಂದ ಕೌದಿ ಹೊಲಿಯುತ್ತಾರೆ. ಆ ದಿನ ಊರಿನ ಆರೋಗ್ಯ ಉಪಕೇಂದ್ರದ ನರ್ಸ್ ಹುಮಾ ಎಲ್ಲರ ಬಿ.ಪಿ. ನೋಡಲು ಅಲ್ಲಿಗೇ ಬಂದಿದ್ದಳು. ಹುಮಾ ವಯಸ್ಸಿನಲ್ಲಿ ಚಿಕ್ಕವಳು, ಕಣ್ಣು ಮಾತ್ರ ಬಲು ಚುರುಕು. ಸುನಂದಾ ಸೂಜಿಯನ್ನು ಬೆಳಕಿಗೆ ಹಿಡಿದು, ದಾರದ ತುದಿ ಬಾಯಲ್ಲಿ ಒದ್ದೆ ಮಾಡಿ, ಒಂದೇ ಸಲಕ್ಕೆ ಪೋಣಿಸಿದಳು.

ಹುಮಾ ಬಿ.ಪಿ. ಪಟ್ಟಿಯನ್ನು ಹಾಗೇ ಬಿಟ್ಟು ನೋಡಿದಳು. "ಅಕ್ಕಾರ, ಇನ್ನೊಮ್ಮೆ ಪೋಣಸ್ರಿ."

ಸುನಂದಾ ಹೆಮ್ಮೆಯಿಂದ ಇನ್ನೊಮ್ಮೆ ಪೋಣಿಸಿದಳು.

"ಮೂರು ವರ್ಷದಿಂದ ನಿಮ್ಮ ಸೂಜಿಗೆ ದಾರ ಗೌಸಬಿ ಚಾಚಿ ಹಾಕಿ ಕೊಡ್ತಿದ್ರು," ಅಂದಳು ಹುಮಾ ಮೆಲ್ಲಗೆ. "ಕೈ ನಡುಗೂದು ಗುಳಿಗಿಯಿಂದ. ನಡುಕ ನಿಂತೈತಿ ಅಂದ್ರ ಗುಳಿಗಿ ಏನಾತ್ರಿ?"

ಸುನಂದಾಳಿಗೆ ಸುಳ್ಳು ಹೇಳಲು ಬರುವುದಿಲ್ಲ. ಎಲ್ಲವನ್ನೂ ಹೇಳಿದಳು. ಪಟ್ಟಿಯ ಮಾತು, ತಾಕತ್ತಿನ ಮಾತು, ಅವ್ವನ ಮಾತು. ಹೇಳುತ್ತ ಹೇಳುತ್ತ ಹುಮಾಳ ಮುಖ ಕಳೆಗುಂದಿದ್ದು ಕಂಡು ಅವಳಿಗೆ ಮತ್ತೆ ಭಯವಾಯಿತು. "ಹಂಗಾರ ಈಗ ಹೋಗಿ ಎಲ್ಲಾ ಗುಳಿಗಿ ತಗೊಂಡು ಬಿಡ್ಲೇನ್ರಿ ಸಿಸ್ಟರ್?" ಎಂದು ಎದ್ದು ನಿಂತಳು.

"ತಡೀರಿ ತಡೀರಿ! ಬಿಟ್ಟಿದ್ದನ್ನೆಲ್ಲಾ ಕೂಡಿಸಿ ಒಮ್ಮೆಲೆ ತಗೋಬ್ಯಾಡ್ರಿ. ಬಿಟ್ಟಿದ್ದೂ ನಿಮ್ಮ ಮನಸಿಗೆ ಬಂದಂಗ, ಸುರು ಮಾಡೂದೂ ನಿಮ್ಮ ಮನಸಿಗೆ ಬಂದಂಗ ಬ್ಯಾಡ. ಆಸ್ಪತ್ರಿಗೆ ಫೋನ್ ಹಚ್ಚಿ ಕೇಳೂಣು. ಅದಕ್ಕೂ ಮದ್ಲ ನಿಮ್ಮ ಯಜಮಾನ್ರನ್ನ ನೋಡಬೇಕು. ನಡೀರಿ."

ಇಬ್ಬರೂ ನರ್ಸರಿಗೆ ಹೋದರು. ಹುಮಾ ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಂಡೇ ಬಂದಿದ್ದಳು. ಆದರೆ ಅಲ್ಲಿ ಕಂಡದ್ದೇ ಬೇರೆ. ಸಂಜೀವಕುಮಾರ ಒಂದು ದೊಡ್ಡ ಲಿಂಬೆ ಗಿಡದ ಕೆಳಗೆ ಕುಕ್ಕುರುಗಾಲಲ್ಲಿ ಕೂತು ಬುಡದ ಹಸಿರು ಚಿಗುರುಗಳನ್ನು ಪಟಪಟ ಮುರಿಯುತ್ತಿದ್ದ. ಹುಮಾ ಬೈಗುಳ ನುಂಗಿಕೊಂಡಳು.

"ಏನ್ ಮಾಡಾಕತ್ತೀರಿ ಅಣ್ಣಾರ?"

"ಬುಡದ ಚಿಗುರು ಮುರ್ಯಾಕತ್ತೇನ್ರಿ ಸಿಸ್ಟರ್. ಬರ್ರಿ, ನೆಳ್ಳಿಗೆ ಬರ್ರಿ."

"ಇಷ್ಟು ಚಂದ ಚಿಗುರು, ಯಾಕ ಮುರೀತೀರಿ ಪಾಪ?"

ಅವನು ನಕ್ಕ. "ಇದು ಲಿಂಬಿ ಚಿಗುರಲ್ರಿ. ಕೆಳಗಿನ ಜಂಬೇರಿದು. ಹಿಂಗ ಬಿಟ್ರ ಮ್ಯಾಲಿನ ಲಿಂಬಿನ ಒಣಗಿಸಿ ತಾನ ಗಿಡ ಆಗಿ ಕುಂದ್ರತೈತಿ."

"ಎಷ್ಟು ವರ್ಷದ್ದು ಗಿಡ?"

"ನಮ್ಮಪ್ಪ ಕಟ್ಟಿದ್ದು. ಹದಿನೆಂಟು ವರ್ಷ ಆತ್ರಿ."

"ಹದಿನೆಂಟು! ಹಂಗಾರ ಇನ್ನೂ ಕಸಿ ಹತ್ತಿಲ್ಲೇನ್ರಿ?"

"ಹತ್ತದೇನ್ರಿ! ಕಾಯಿ ಹಿಡದದ್ದು ನೋಡ್ರಿ ಎಷ್ಟೈತಿ!"

"ಹತ್ತಿದ ಮ್ಯಾಲೂ ಜಂಬೇರಿ ಯಾಕ ಚಿಗೀತೈತಿ ಮತ್ತ?"

ತನ್ನ ಕಸುಬಿನ ಮಾತು ಕೇಳಿದರೆ ಯಾರಿಗೆ ಹುರುಪು ಬರುವುದಿಲ್ಲ? ಸಂಜೀವಕುಮಾರ ಚಿಗುರನ್ನು ಕೈಯಲ್ಲಿ ಎತ್ತಿ ಹಿಡಿದು ಶುರು ಮಾಡಿದ. "ಬೇರು ಜಂಬೇರೀದ ಐತಲ್ರಿ! ಕಸಿ ಎಷ್ಟ ಬರೋಬ್ಬರಿ ಹತ್ತಲಿ, ಬೇರಿಗೆ ಮ್ಯಾಲಿನ ಗಿಡ ಪರಕೀನ. ಅದು ಎಂದೂ ಮರಿಯಂಗಿಲ್ಲ. ಗಿಡ ಇರೂ ತನಕ ಈ ಚಿಗುರು ಮುರ್ಕೋಂತನ ಇರಬೇಕು. ಹತ್ತೈತಿ ಅಂತ ಒಂದ್ ಮಳಿಗಾಲ ಕೈ ಬಿಟ್ರ..."

ಅಲ್ಲಿಗೆ ಅವನ ಮಾತು ನಿಂತಿತು. ಹುಮಾಳನ್ನು ನೋಡಿದ. ಅವಳ ಹಿಂದೆ ನಿಂತ ಹೆಂಡತಿಯನ್ನು ನೋಡಿದ. ತಾನು ಈಗಷ್ಟೇ ಆಡಿದ ಮಾತು ತನ್ನ ಕಿವಿಗೇ ತಿರುಗಿ ಬಂದು ಬಿದ್ದಂತಾಗಿ ಮುಖದ ನೀರು ಇಳಿದುಹೋಯಿತು.

"ಸಿಸ್ಟರ್, ನಾ ಏನ್ ಮಾಡಿಬಿಟ್ನಿ?"

ಹುಮಾ ಅವನ ಎದುರು ಅಲ್ಲೇ ಮಣ್ಣಿನ ಮೇಲೆ ಕೂತಳು. "ಬೈಯಾಕ ಬಂದಿದ್ನಿ ಅಣ್ಣಾರ, ಈಗ ಬೈಯಂಗಿಲ್ಲ. ಅಕ್ಕಾರ ಆಪರೇಶನ್ ಹೊಲಿಗಿ ಐತಲ್ಲ, ಅದು ನಿಮ್ಮ ಪಟ್ಟಿ. ಅದನ್ನ ಆವಾಗ ಬಿಚ್ಚ್ಯಾರ. ಗುಳಿಗಿ ಪಟ್ಟಿ ಅಲ್ರಿ. ಗುಳಿಗಿ ಅಂದ್ರ ದಿನಾ ಚಿಗುರು ಮುರಿಯೂ ನಿಮ್ಮ ಈ ಕೈ."

"ಮೈಯಾಗ ಯಾವ ಚಿಗುರ್ರಿ?" ಎಂದು ಕೇಳಿದಳು ಸುನಂದಾ.

"ರಕ್ತದಾಗ ಬಿಳಿ ಕಣ ಅದಾವಲ್ಲ, ರೋಗ ಬಂದ್ರ ಬಡದಾಡೂವು. ಅದರಾಗ ಟಿ ಕೋಶ ಅಂತ ಒಂದ್ ಜಾತಿ. ಹಗಲು ರಾತ್ರಿ ಮೈಯೆಲ್ಲಾ ತಿರುಗಿ, ಇದು ನಮ್ಮದೋ, ಹೊರಗಿಂದೋ ಅಂತ ಗುರ್ತು ನೋಡೂದ ಅವುಗಳ ಕೆಲಸ. ನಿಮ್ಮ ಹೊಸ ಹೃದಯದ ಮ್ಯಾಲ ಅದನ್ನ ಕೊಟ್ಟವರ ಗುರ್ತೈತ್ರಿ. ಮೂರು ವರ್ಷ ಅಲ್ಲ, ಮೂವತ್ತು ವರ್ಷ ಆದ್ರೂ ಆ ಗುರ್ತು ಅಳಸಂಗಿಲ್ಲ. ಗುಳಿಗಿ ಈ ಕಣಗಳ ಸಿಟ್ಟು ತಣ್ಣಗ ಮಾಡಿ ಇಡತೈತಿ. ಗುಳಿಗಿ ಬಿಟ್ರ ಅವು ಹೃದಯದ ಮ್ಯಾಲ ಬೀಳತಾವ. ಅದು ಪಾಪ ನಿಮ್ಮ ಸಲುವಾಗಿ ಬಡಕೋಳಾಕತ್ತೈತಿ ಅಂತ ಅವಕ್ಕೇನ್ ಗೊತ್ತು?"

ಸಂಜೀವಕುಮಾರನಿಗೆ ಇನ್ನೂ ಒಂದು ಎಳೆ ಆಸೆ ಉಳಿದಿತ್ತು. "ಆದ್ರ ಅಕಿಗೆ ಏನೂ ಆಗಿಲ್ಲಲ್ರಿ ಸಿಸ್ಟರ್. ಎದಿ ನೋವಿಲ್ಲ, ಜ್ವರ ಇಲ್ಲ. ಮದ್ಲಿನಕಿಂತ ಚಲೋನ ಅದಾಳ."

"ಮೋಸ ಇರೂದ ಅಲ್ಲಿ ಅಣ್ಣಾರ. ನಮ್ಮ ನಿಮ್ಮ ಹೃದಯಕ್ಕ ತ್ರಾಸಾದ್ರ ಎದಿ ನೋವು ಬಂದು ಹೇಳತೈತಿ. ಅಕ್ಕಾರ ಹೃದಯ ಕಸಿ ಮಾಡುವಾಗ ಆ ಸುದ್ದಿ ಒಯ್ಯೂ ನರ ಕಡದಿರತಾವ. ಒಳಗ ಏನ ಆದ್ರೂ ಬಾಯಿಬಿಟ್ಟು ಹೇಳಾಕ ಅದಕ್ಕ ಆಗಂಗಿಲ್ಲ. ಕಣಗಳು ಹೃದಯದ ರಕ್ತನಾಳದ ಒಳಗೋಡಿಗೆ ದಿನಾ ಇಷ್ಟಿಷ್ಟ ಗಾಯ ಮಾಡತಾವ, ಗಾಯ ಮಾಯ್ಕೋಂತ ಗೋಡಿ ದಪ್ಪ ಆಗತೈತಿ. ನಿಮ್ಮ ಡ್ರಿಪ್ ಪೈಪಿನಾಗ ಸೌಳು ನೀರಿನ ಉಪ್ಪು ಕಟ್ಟಿದಂಗ, ಹೊರಗ ಪೈಪ್ ಛಂದನ ಕಾಣತೈತಿ, ಒಳಗ ದಾರಿ ಮುಚ್ಕೋಂತ ಬರತೈತಿ. ತಿಂಗಳಿಗೆ ಆಗೂದಲ್ಲ ಅದು, ವರ್ಷಗಟ್ಟಲೆ ನಡೀತೈತಿ. ಗುಳಿಗಿ ತಗೊಂಡವರಿಗೂ ಒಬ್ಬೊಬ್ಬರಿಗೆ ಬರತೈತಿ. ಬಿಟ್ಟವರಿಗೆ ಜಲ್ದಿ ಬರತೈತಿ. ಅದಕ್ಕ ಆರಾಮ ಇದ್ರೂ ತಪಾಸಣಿಗೆ ಬರ್ರಿ ಅಂತ ಅವರು ಬಡಕೋಳೂದು."

ಸಂಜೀವಕುಮಾರ ತಲೆ ತಗ್ಗಿಸಿದ. "ಅಕಿ ಒಂದ್ಸಲ ತವರಿಗೆ ಹೋಗ್ಲಿ ಅಂತ ಮಾಡಿದ್ನಿ, ಸಿಸ್ಟರ್. ಬ್ಯಾರೆ ಏನೂ ಇಲ್ರಿ."

ಹುಮಾ ಹುಬ್ಬು ಗಂಟಿಕ್ಕಿದಳು. "ತವರಿಗೆ ಹೋಗಬ್ಯಾಡ ಅಂದವರ್ಯಾರು?"

"ಡಾಕ್ಟರ ಅಂದಿದ್ರಲ್ರಿ, ಮಂದ್ಯಾಗ ಹೋಗಬ್ಯಾಡ್ರಿ ಅಂತ."

"ಯಾವಾಗ?"

"ಆಸ್ಪತ್ರಿಯಿಂದ ಮನಿಗೆ ಕಳಸೂವಾಗ."

"ಅದು ಮದ್ಲಿನ ತಿಂಗಳುಗಳ ಮಾತು ಅಣ್ಣಾರ! ಆವಾಗ ಗುಳಿಗಿ ಭಾಳ ಇರತಾವ, ಕಾಳಜಿ ಭಾಳ ಬೇಕು. ಆಮ್ಯಾಲ ಎಷ್ಟೋ ಮಂದಿ ಕೆಲಸಕ್ಕ ಹೋಗತಾರ, ಊರಿಗೆ ಹೋಗತಾರ, ನಕ್ಕೋಂತ ಕೆಲ್ಕೋಂತ ಇರತಾರ. ಗದ್ದಲದಾಗ ಮೂಗು ಬಾಯಿಗೆ ಮಾಸ್ಕ್, ಕುದಿಸಿ ಆರಿಸಿದ ನೀರು, ಚೀಲದಾಗ ಗುಳಿಗಿ. ತವರಿಗೆ ಹೋಗಬಹುದೇನ್ರಿ ಅಂತ ನೀವು ಮತ್ತ ಕೇಳಿದ್ರೇನು?"

ಗಂಡ ಹೆಂಡತಿಯನ್ನು ನೋಡಿದ, ಹೆಂಡತಿ ಗಂಡನನ್ನು ನೋಡಿದಳು. ಮೂರು ವರ್ಷದಲ್ಲಿ ಇಬ್ಬರೂ ಕೇಳಿರಲಿಲ್ಲ. ಬೇಡ ಅಂದುಬಿಟ್ಟರೆ ಇದ್ದ ಆಸೆಯೂ ಹೋದೀತು ಎಂದು ಅವಳು ಕೇಳಿರಲಿಲ್ಲ. ಕೇಳುವುದೇನಿದೆ ಎಂದು ಅವನು ಕೇಳಿರಲಿಲ್ಲ. ಸುನಂದಾ ಲಿಂಬೆ ಗಿಡದ ಕಾಂಡಕ್ಕೆ ಹಣೆ ಇಟ್ಟು ಅತ್ತಳು. ಬಿಟ್ಟ ಗುಳಿಗೆಗಿಂತ, ಕೇಳದೇ ಕಳೆದ ಪಂಚಮಿಗಳಿಗೆ ಅವಳು ಹೆಚ್ಚು ಅತ್ತಳು.

ಹುಮಾ ಅಲ್ಲಿಂದಲೇ ಸಂಜೀವಕುಮಾರನ ಫೋನಿನಲ್ಲಿದ್ದ ಆಸ್ಪತ್ರೆಯ ನಂಬರಿಗೆ ಫೋನು ಹಚ್ಚಿದಳು. "ಏನ್ ಬಿಟ್ಟೀರಿ, ಎಂದಿನಿಂದ ಬಿಟ್ಟೀರಿ, ಖರೇ ಖರೇ ಹೇಳ್ರಿ. ಬೈತಾರಂತ ಮುಚ್ಚಿ ಇಟ್ರ ಔಷಧದ ಲೆಕ್ಕ ತಪ್ಪತೈತಿ" ಎಂದು ಫೋನನ್ನು ಸಂಜೀವಕುಮಾರನ ಕೈಗೆ ಕೊಟ್ಟಳು. ಅವನು ಒಂದನ್ನೂ ಮುಚ್ಚಿಡದೆ ಹೇಳಿದ. ಆ ಕಡೆಯವರು ಬೈಯಲಿಲ್ಲ. ಇವತ್ತು ರಾತ್ರಿ ಯಾವ ಗುಳಿಗೆ ಎಷ್ಟು ತೆಗೆದುಕೊಳ್ಳಬೇಕೆಂದು ಹೇಳಿ, ನಾಳೆಯೇ ಹೊರಟು ಬನ್ನಿ ಅಂದರು.

ಇಂಡಿ ರೋಡ್ ಸ್ಟೇಷನ್ನಿನಲ್ಲಿ ರೈಲು ಹತ್ತಿದರು. ಜಯಮಾಲಾ ಜೊತೆಗಿದ್ದಳು. ರೈಲು ಬಸವನ ಬಾಗೇವಾಡಿ ರೋಡಿನಲ್ಲಿ ನಿಂತಾಗ ಸುನಂದಾ ಕಿಟಕಿಯ ಸರಳು ಹಿಡಿದು ಹೊರಗೆ ನೋಡಿದಳು. ಇಳಿದರೆ ಅವ್ವ. ಕೈಚಾಚಿದರೆ ಸಿಗುವಷ್ಟು ಹತ್ತಿರ. ರೈಲು ಹೊರಟಿತು, ಅವಳು ಸ್ಟೇಷನ್ನಿನ ಹೆಸರಿನ ಬೋರ್ಡು ಮರೆಯಾಗುವ ತನಕ ನೋಡುತ್ತಲೇ ಇದ್ದಳು.

ಬೆಂಗಳೂರಿನಲ್ಲಿ ರಕ್ತ ತೆಗೆದರು. ಹೃದಯದ ಒಳಗಿನಿಂದ ಎಳ್ಳಿನಷ್ಟು ತುಣುಕು ತೆಗೆದು ನೋಡಿದರು. ಬಿಳಿ ಕಣಗಳು ಗುಂಪು ಕಟ್ಟಿದ್ದವು. ಅದಕ್ಕೆ ಮೂರು ದಿನ ಸಲೈನಿನಲ್ಲಿ ಜೋರಿನ ಔಷಧ ಕೊಟ್ಟರು, ಅದು ತಹಬಂದಿಗೆ ಬಂತು. ಆಮೇಲೆ ರಕ್ತನಾಳಗಳ ಚಿತ್ರ ತೆಗೆದರು. ಡಾಕ್ಟರಮ್ಮ ಪರದೆಯ ಮೇಲೆ ಬೆರಳಿಟ್ಟು ತೋರಿಸಿದರು. ಎರಡು ನಾಳ ಸರಿಯಾಗಿವೆ. ಮೂರನೆಯದು ಉದ್ದಕ್ಕೂ ತೆಳ್ಳಗಾಗಿದೆ. ಎರಡು ವರ್ಷದ ಹಿಂದಿನ ಚಿತ್ರದಲ್ಲಿ ಅದು ಹೀಗಿರಲಿಲ್ಲ.

"ಇದು ಮತ್ತ ಮದ್ಲಿನಂಗ ಆಗತೈತೇನ್ರಿ?" ಎಂದು ಕೇಳಿದಳು ಸುನಂದಾ. ಈಗ ಅವಳು ಕೇಳುವುದನ್ನು ಕಲಿತಿದ್ದಳು.

"ಇಲ್ಲಮ್ಮ," ಅಂದರು ಡಾಕ್ಟರಮ್ಮ. "ಆದದ್ದನ್ನು ಹಿಂದಕ್ಕೆ ತರಲು ಆಗುವುದಿಲ್ಲ. ಮುಂದೆ ಹೋಗುವುದನ್ನು ನಿಧಾನ ಮಾಡಬಹುದು. ಒಂದು ಹೊಸ ಗುಳಿಗೆ ಕೊಡುತ್ತೇನೆ. ನಿಮ್ಮ ಕೈಯಲ್ಲೂ ಬಹಳ ಇದೆ."

"ಪಂಚಮಿಗೆ ತವರಿಗೆ ಹೋಗಬಹುದೇನ್ರಿ?"

"ಇನ್ನು ಹದಿನೈದು ದಿನ ಇಲ್ಲೇ ಇರಬೇಕು. ಆಮೇಲೆ ಧಾರಾಳವಾಗಿ ಹೋಗಿ. ಮೊದಲೂ ಹೋಗಬಹುದಿತ್ತಲ್ಲ?"

ಪಂಚಮಿಯ ದಿನ ಸುನಂದಾ ಆಸ್ಪತ್ರೆಯ ಮೂರನೆಯ ಮಹಡಿಯಲ್ಲಿದ್ದಳು. ಇಂಗಳೇಶ್ವರದಲ್ಲಿ ಗಟ್ಟಿ ಹಗ್ಗದ ಜೋಕಾಲಿಯಲ್ಲಿ ಓಣಿಯ ಬೇರೆ ಹೆಣ್ಣುಮಕ್ಕಳು ಜೀಕಿದರು.

ಹದಿನೈದು ದಿನ ಕಳೆದು ಮರಳಿ ಬರುವಾಗ ಸಂಜೀವಕುಮಾರ ಯಾರನ್ನೂ ಕೇಳದೆ ಬಸವನ ಬಾಗೇವಾಡಿ ರೋಡಿನಲ್ಲೇ ಸಾಮಾನು ಇಳಿಸಿದ. "ಇಳಿ," ಅಂದ ಹೆಂಡತಿಗೆ, ಅಷ್ಟೇ. ಇಂಗಳೇಶ್ವರ ಮುಟ್ಟಿದಾಗ ಬಿಸಿಲು ಏರಿತ್ತು. ಸುಮಿತ್ರಾಬಾಯಿ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದವಳು ಮೊರವನ್ನು ಅಲ್ಲೇ ಬಿಟ್ಟು ಓಡಿ ಬಂದಳು. ಮಗಳನ್ನು ತಬ್ಬಿದಳು, ಮೊಮ್ಮಗಳನ್ನು ಎತ್ತಿಕೊಂಡಳು, ಅಳಿಯನ ಮುಖ ನೋಡಿ ಅವನನ್ನೂ ಸಮಾಧಾನ ಮಾಡಿದಳು. ಜಯಮಾಲಾ ಐದೇ ನಿಮಿಷದಲ್ಲಿ ಅಜ್ಜಿಯ ಮನೆಯ ಮೂಲೆ ಮೂಲೆ ಸುತ್ತಿ ಬಂದಳು. ಹಬ್ಬ ಮುಗಿದಿದ್ದರಿಂದ ಹಿತ್ತಲ ಬೇವಿನ ಟೊಂಗೆಯ ಜೋಕಾಲಿ ಮಾತ್ರ ಬಿಚ್ಚಿಯಾಗಿತ್ತು.

ಊಟವಾದ ಮೇಲೆ ತಾಯಿ ಮಗಳು ಕಟ್ಟೆಯ ಮೇಲೆ ಕೂತರು. ಸುಮಿತ್ರಾಬಾಯಿ ಮಗಳ ತಲೆ ಸವರುತ್ತ ಕೇಳಿದಳು. "ಈಗ ಪೂರಾ ಆರಾಮ ಆತಲ್ಲವ್ವ? ಇನ್ನ ಪ್ರತಿ ವರ್ಷ ಬರ್ತೀಯಲ್ಲ?"

ಸುನಂದಾ ಅವ್ವನ ಕೈ ಹಿಡಿದುಕೊಂಡಳು. ಸುಳ್ಳು ಹೇಳಲಿಲ್ಲ.

"ಇರೂ ತನಕ ಬರ್ತೇನವ್ವ, ತಪ್ಪಸಂಗಿಲ್ಲ. ಆದ್ರ ಈ ಒಂದ್ ಪಂಚಮಿ ಆಸೆಗೆ ಮುಂದಿನ ಎಷ್ಟು ಪಂಚಮಿ ಕಳಕೊಂಡೇನೋ, ಅದು ಡಾಕ್ಟರಿಗೂ ಗೊತ್ತಿಲ್ಲವ್ವ."

ಓದುವ ತಾಯಂದಿರೇ, ಅಣ್ಣ ತಮ್ಮಂದಿರೇ, ಹೃದಯವಿರಲಿ, ಕಿಡ್ನಿ ಇರಲಿ, ಲಿವರ್ ಇರಲಿ, ಕಸಿ ಮಾಡಿಸಿಕೊಂಡು ಬದುಕಿದವರು ನಿಮ್ಮ ಮನೆಯಲ್ಲೋ ಓಣಿಯಲ್ಲೋ ಇದ್ದರೆ ಇವತ್ತೇ ಅವರ ಹತ್ತಿರ ಹೋಗಿ ಈ ಕಥೆ ಹೇಳಿ. ಎಷ್ಟೇ ವರ್ಷವಾಗಲಿ, ಮೈ ಎಷ್ಟೇ ಹಗುರ ಅನ್ನಿಸಲಿ, ಡಾಕ್ಟರನ್ನು ಕೇಳದೆ ಗುಳಿಗೆ ಬಿಡುವುದಾಗಲಿ, ಕಡಿಮೆ ಮಾಡುವುದಾಗಲಿ ಬೇಡವೆನ್ನಿ. ಆರಾಮ ಇದ್ದೇನೆ ಎಂದು ತಪಾಸಣೆ ತಪ್ಪಿಸಬೇಡ ಎನ್ನಿ. ಒಂದು ವೇಳೆ ಗುಳಿಗೆ ತಪ್ಪಿದ್ದರೆ ಹೆದರದೆ, ಮುಚ್ಚಿಡದೆ ಆಸ್ಪತ್ರೆಗೆ ಫೋನು ಮಾಡಲು ಹೇಳಿ, ಇಲ್ಲವೇ ನಿಮ್ಮೂರ ನರ್ಸಿನ ಹತ್ತಿರ ಕರೆದುಕೊಂಡು ಹೋಗಿ. ಅವರಿಗೂ ತವರಿನ ಆಸೆ ಇರುತ್ತದೆ, ಮದುವೆ ಮುಂಜಿಯ ಆಸೆ ಇರುತ್ತದೆ. ಆ ಆಸೆಯನ್ನು ನುಂಗಿಕೊಂಡು ಕೂರಬೇಡಿ, ಬಾಯಿಬಿಟ್ಟು ಕೇಳಿ ಎನ್ನಿ. ನುಂಗಬೇಕಾದದ್ದು ಗುಳಿಗೆ ಮಾತ್ರ.